ಅರಿಶಿನ, ಕಾಡಿಗೆ, ಮೆಹಂದಿ

ಜಯನಗರದ ನಮ್ಮ ಮನೆಯ ಮಹಡಿ ಮೇಲಿನ ಎರಡು ರೂಮುಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತೇವೆ. ಮೊನ್ನೆ ಮದುವೆಗೆ ಬಂದವರು ಇದ್ದರು. ಅವರು ಹೋದ ಮೇಲೆ ಬಾಗಿಲು ತೆಗೆದರೆ ಬಿಳಿ ಬೆಡ್‌ಶೀಟಿನ ಮೇಲೆ ಅರಿಶಿನ, ದಿಂಬಿನ ಕವರಿಗೆ ಕಾಡಿಗೆ, ಟವೆಲ್ಲಿನಲ್ಲಿ ಐದೂ ಬೆರಳು ಮೂಡಿದ ಮೆಹಂದಿ. ಹೊರಡುವಾಗ ಮಾತ್ರ "ಆಂಟಿ, ರೂಮು ತುಂಬಾ ನೀಟಾಗಿತ್ತು" ಅಂದಿದ್ದರು!

ಸೋಪು ಹಚ್ಚಿದೆ. ಹಳದಿ ಹೋಗಿ ಕೆಂಪಾಯಿತು. ಎದೆ ಧಸಕ್ಕೆಂದಿತು. ಆಮೇಲೆ ನೆನಪಾಯಿತು, ಅರಿಶಿನಕ್ಕೆ ಸುಣ್ಣ ಬಿದ್ದರೆ ಆರತಿ ನೀರು ಕೆಂಪಾಗುತ್ತದಲ್ಲ, ಅದೇ ಕಥೆ. ಚೆನ್ನಾಗಿ ಜಾಲಿಸಿದ ಮೇಲೆ ಮತ್ತೆ ಹಳದಿಗೆ ಬಂತು. ಅರಿಶಿನಕ್ಕೆ ಮದ್ದು ಬಿಸಿಲು. ಟೆರೇಸಿನಲ್ಲಿ ಎರಡು ದಿನ ಒಣಹಾಕಿದೆ, ಮಾಯ. (ಜುಲೈನಲ್ಲಾದರೆ ಈ ಊರಿನ ಮೋಡ ಸರಿಯುವಷ್ಟರಲ್ಲಿ ಮುಂದಿನ ಗೆಸ್ಟ್ ಬಂದಿರುತ್ತಾರೆ.) ಮೆಹಂದಿ ಯಾವುದಕ್ಕೂ ಜಗ್ಗಲಿಲ್ಲ. ಆ ಟವೆಲ್ ಈಗ ನೆಲ ಒರೆಸುವ ಬಟ್ಟೆ.

"ಅಡ್ವಾನ್ಸಲ್ಲಿ ಹಿಡ್ಕೋಬೇಕಿತ್ತು" ಅಂದರು ನಮ್ಮವರು. ಅರಿಶಿನದ ಕಲೆಗೆ ದಂಡ ಕೇಳಲು ನನಗೆ ಮನಸ್ಸು ಬರಲಿಲ್ಲ. ನನ್ನ ಮದುವೆಯಲ್ಲಿ ಛತ್ರದ ದಿಂಬುಗಳನ್ನು ಯಾರು ಒಗೆದರೋ, ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ. ಕಾಡಿಗೆಗಾದರೂ ಕೇಳಬಹುದಿತ್ತು, ಅಲ್ವಾ?

ಈಗ ಬಾತ್‌ರೂಮಿನಲ್ಲಿ ಒಂದು ಕಪ್ಪು ಟವೆಲ್ ಇಟ್ಟಿದ್ದೇನೆ, 'ಮೇಕಪ್ ಒರೆಸಲು' ಅಂತ ಚೀಟಿ ಅಂಟಿಸಿ. ನಿನ್ನೆ ಬಂದವರು ಅದರಲ್ಲಿ ಶೂ ಒರೆಸಿದ್ದಾರೆ.