ಭುಜ ನೋಡಿ, ಬಾಲ ನೋಡಿ

ಜರ್ಮನಿಯಲ್ಲಿ ಕರೆಯದೆ ಯಾರೂ ಮನೆಗೆ ಬರುವುದಿಲ್ಲ. ನನ್ನನ್ನು ಹಾಗೆ ನೋಡಲು ಬಂದದ್ದು ಒಂದು ಏರೋಪ್ಲೇನ್ ಚಿಟ್ಟೆ ಮಾತ್ರ.

ಸ್ಟುಟ್‌ಗಾರ್ಟ್‌ನಲ್ಲಿ ನಮ್ಮ ಪಕ್ಕದ ಮನೆ ಅಜ್ಜಿಯ ತೋಟದಲ್ಲಿ ಪುಟ್ಟ ಕೊಳವಿದೆ. ನಮ್ಮೂರಿನ ದನಗಳ ತೊಟ್ಟಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಆಗಸ್ಟ್‌ನ ಒಂದು ಸಂಜೆ ಅಲ್ಲಿ ಕಾಫಿ ಕುಡಿಯುತ್ತಿದ್ದೆ. ಸುಮಾರು 7 ಸೆಂಟಿಮೀಟರ್ ಉದ್ದದ ಚಿಟ್ಟೆ ಬಂದು ನನ್ನ ಮೂಗಿನ ಮುಂದೆಯೇ ಗಾಳಿಯಲ್ಲಿ ನಿಂತಿತು. ನೋಡಿತು. ಪಕ್ಕಕ್ಕೆ ಸರಿದು ಮತ್ತೆ ನೋಡಿತು. ನಾನು ಹೆದರಿ ಕೈ ಬೀಸಿದೆ.

"ಚುಚ್ಚುವುದಿಲ್ಲ, ಸುಮ್ನೆ ಕೂತಿರಿ" ಎಂದು ಅಜ್ಜಿ ನಕ್ಕರು. ಇಲ್ಲಿ ಹಿಂದೆ ಇದನ್ನು 'ಟಾಯ್‌ಫೆಲ್ಸ್‌ನಾಡೆಲ್', ಅಂದರೆ ಸೈತಾನನ ಸೂಜಿ ಅನ್ನುತ್ತಿದ್ದರು. ಪಾಪ, ಕುಟುಕುವ ಸೂಜಿಯೇ ಇಲ್ಲದ ಜೀವ!

ಹಸಿರು, ನೀಲಿ ಕಂಡಿದ್ದೇ ತಡ, ಇದು 'ಎಂಪರರ್' ಅನ್ನುವ ಜಾತಿಯ ಏರೋಪ್ಲೇನ್ ಚಿಟ್ಟೆ ಎಂದು ನಾನು ತೀರ್ಮಾನಿಸಿಬಿಟ್ಟೆ. ತಪ್ಪು. ಗಂಡು ಎಂಪರರ್‌ಗೆ ಬಾಲವೆಲ್ಲ ನೀಲಿ, ನಡುವೆ ಉದ್ದಕ್ಕೆ ಒಂದು ಕಪ್ಪು ಗೆರೆ. ಇದರ ಬಾಲ ಕಪ್ಪು, ಅದರ ಮೇಲೆ ಜೋಡಿ ಜೋಡಿ ಚುಕ್ಕೆ. ಭುಜದ ಮೇಲೆ ಎರಡು ದಪ್ಪ ಹಸಿರು ಪಟ್ಟೆ. ತುದಿಯ ಕೊನೆಯ ಎರಡು ಗೆಣ್ಣುಗಳಲ್ಲಿ ಮಾತ್ರ ಚುಕ್ಕೆಗಳು ಕೂಡಿಕೊಂಡು ಅಡ್ಡಪಟ್ಟಿಯಾಗಿವೆ. ಗುರುತು ಇದೇ. ಇಂಗ್ಲಿಷ್‌ನಲ್ಲಿ ಸದರ್ನ್ ಹಾಕರ್, ಇಲ್ಲಿಯವರ ಬಾಯಲ್ಲಿ 'ನೀಲಿ ಹಸಿರು ಮೊಸಾಯಿಕ್ ಕನ್ಯೆ'. ಗಂಡಿಗೂ ಕನ್ಯೆಯೇ ಅನ್ನಬೇಕು, ನೋಡಿ!

ಚಿಕ್ಕಂದಿನಲ್ಲಿ ನಾವು ಇವುಗಳ ಬಾಲಕ್ಕೆ ದಾರ ಕಟ್ಟುತ್ತಿದ್ದೆವಲ್ವಾ? ಇಲ್ಲಿ ಹಿಡಿಯುವುದೇ ಅಪರಾಧ. ಎಲ್ಲ ಜಾತಿಯ ಏರೋಪ್ಲೇನ್ ಚಿಟ್ಟೆಗಳಿಗೂ ಕಾನೂನಿನ ರಕ್ಷಣೆ ಇದೆ. ಅಜ್ಜಿಗೆ ದಾರದ ವಿಷಯ ನಾನಿನ್ನೂ ಹೇಳಿಲ್ಲ.

ಅವರು ಕೊಳದಂಚಿನ ಹುಲ್ಲುಕಡ್ಡಿಗೆ ಅಂಟಿದ್ದ ಒಂದು ಒಣ ಪೊರೆ ತೋರಿಸಿದರು. ಕಾಲು, ಕಣ್ಣು ಎಲ್ಲ ಹಾಗೇ ಇವೆ, ಒಳಗೆ ಏನೂ ಇಲ್ಲ. ಮೊಟ್ಟೆ ಚಳಿಗಾಲ ಕಳೆದು ವಸಂತದಲ್ಲಿ ಒಡೆಯುತ್ತದೆ. ಮರಿ ಎರಡು ಮೂರು ವರ್ಷ ನೀರಿನಲ್ಲೇ ಹುಳ, ಗೊದಮೊಟ್ಟೆ ತಿಂದುಕೊಂಡಿರುತ್ತದೆ. ಆಮೇಲೆ ಒಂದು ರಾತ್ರಿ ಕಡ್ಡಿ ಹತ್ತಿ, ಬೆನ್ನು ಸೀಳಿಕೊಂಡು ಹೊರಬರುತ್ತದೆ. ಹಾರುವ ಬದುಕು ಕೆಲವೇ ವಾರ.

ಸೆಪ್ಟೆಂಬರ್‌ನಲ್ಲಿ ಒಂದು ಹೆಣ್ಣು ಬಂತು. ನೀಲಿ ಇಲ್ಲ, ಬರೀ ಹಸಿರು, ಕಂದು. ಗಂಡಿನ ಜೊತೆಯಿಲ್ಲದೆ ಒಂಟಿಯಾಗಿ ಪಾಚಿಯಲ್ಲಿ, ಕೊಳೆತ ಮರದಲ್ಲಿ ಬಾಲ ಚುಚ್ಚಿ ಮೊಟ್ಟೆಯಿಡುತ್ತಾ ಹೋಯಿತು. ಹಾಗೇ ನನ್ನ ಒದ್ದೆ ಚಪ್ಪಲಿಗೂ ಬಂದು ಕೂತು, ಅಂಚನ್ನು ಚುಚ್ಚತೊಡಗಿತು.

"ಕಾಲು ಅಲ್ಲಾಡಿಸಬೇಡಿ" ಎಂದರು ಅಜ್ಜಿ, ಪಿಸುಮಾತಿನಲ್ಲಿ. ಕಾಫಿ ಆರಿಹೋಯಿತು.