ಸ್ವೀಪ್ ಗೈಡ್ ಜೊತೆ ಇಳಿದ ದಿನ

ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಟ್ರೆಕ್ ಹೋಗಿ ಬಂದವರನ್ನು ಕೇಳಿ, ಎಲ್ಲರೂ ಶಿಖರದ ಬೆಳಗಿನ ಕಥೆಯನ್ನೇ ಹೇಳುತ್ತಾರೆ. ಕತ್ತಲಲ್ಲಿ ಹೆಡ್‌ಲ್ಯಾಂಪ್ ಹಾಕಿಕೊಂಡು ಹೊರಟಿದ್ದು, 12,500 ಅಡಿ ಎತ್ತರದಲ್ಲಿ ಸೂರ್ಯ ಹುಟ್ಟಿದ್ದು, ಎದುರಿಗೆ ಸ್ವರ್ಗಾರೋಹಿಣಿ ಪರ್ವತ ಕಂಡಿದ್ದು. ನನಗೂ ಅದೆಲ್ಲ ಸಿಕ್ಕಿತು, ತುಂಬಾ ಖುಷಿಯೂ ಆಯಿತು. ಆದರೆ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದದ್ದು ಮರುದಿನ, ಹರ್‌ಗಾಂವ್ ಕ್ಯಾಂಪಿನಿಂದ, ಟ್ರೆಕ್ ಶುರುವಾಗುವ ಸಾಂಕ್ರಿ ಹಳ್ಳಿಗೆ ಇಳಿದ ಕೊನೆಯ ದಿನ.

ಬೆಳಿಗ್ಗೆ ಟೆಂಟ್ ಬಿಚ್ಚುವಾಗಲೇ ಗುಂಪಿಗೆ ಅವಸರ. ಕೆಳಗೆ ಬಿಸಿನೀರಿನ ಸ್ನಾನ ಇದೆ, ಫೋನಿಗೆ ನೆಟ್‌ವರ್ಕ್ ಸಿಗುತ್ತೆ ಅಲ್ವಾ! ಹುಡುಗರು ಚಹಾ ಕುಡಿದು ಹೊರಟೇಬಿಟ್ಟರು. ನನ್ನ ಎಡಮಂಡಿ ಹಿಂದಿನ ದಿನದ ಇಳಿಜಾರಿನಿಂದ ನೋಯುತ್ತಿತ್ತು. ಮೈಸೂರಿನಿಂದ ಬಂದಿದ್ದ, ಅರವತ್ತರ ಆಸುಪಾಸಿನ ಆಂಟಿಯೊಬ್ಬರದೂ ನಿಧಾನದ ನಡಿಗೆ. ಹಾಗಾಗಿ ನಾವಿಬ್ಬರೂ ಸ್ವೀಪ್ ಗೈಡ್ ಜೊತೆಯಾದೆವು.

ಸ್ವೀಪ್ ಅಂದರೆ ಸಾಲಿನ ಕೊನೆಯಲ್ಲಿ ನಡೆಯುವವನು. ಅವನ ಹಿಂದೆ ಯಾರೂ ಉಳಿಯುವಂತಿಲ್ಲ. ಯಾರಿಗೆ ಸುಸ್ತಾದರೂ, ಯಾರಿಗೆ ವಾಂತಿ ಬಂದರೂ ಅವನೇ ಜೊತೆ. ಶಿಖರದಲ್ಲಿ ನಾವೆಲ್ಲ ಗ್ರೂಪ್ ಫೋಟೋ ತೆಗೆಸಿಕೊಳ್ಳುವಾಗ ಅವನು ಇನ್ನೂ ಕೆಳಗೆ ಯಾರದೋ ಬ್ಯಾಗ್ ಹೊತ್ತು ಹತ್ತುತ್ತಿದ್ದ.

ಸ್ವಲ್ಪ ದೂರ ಇಳಿಯುವಷ್ಟರಲ್ಲಿ ಆಂಟಿ ಕಾಲ್ಬೆರಳು ಉರಿಯುತ್ತಿದೆ ಎಂದರು. ಅವನು ಕೈಗವಸು ತೆಗೆದು ಹಿಮದ ಮೇಲೆಯೇ ಮಂಡಿಯೂರಿದ. ಲೇಸ್ ಪೂರ್ತಿ ಸಡಿಲಿಸಿದ. ಹಿಮ್ಮಡಿಯನ್ನು ನೆಲಕ್ಕೆ ಬಡಿಯಲು ಹೇಳಿ ಪಾದವನ್ನು ಶೂ ಒಳಗೆ ಹಿಂದಕ್ಕೆ ಕೂರಿಸಿದ. ಬೆರಳ ಕಡೆ ಲೇಸನ್ನು ಸಡಿಲ ಬಿಟ್ಟು, ಕಣಕಾಲಿನ ಹತ್ತಿರ ಬಿಗಿಯಾಗಿ ಎಳೆದು ಗಂಟು ಹಾಕಿದ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ಶೂ ತುದಿಗೆ ಬಡಿಯುತ್ತೆ, ಉಗುರು ಕಪ್ಪಾಗೋದು ಹಾಗೇನೇ ಎಂದು ಹಿಂದಿಯಲ್ಲಿ ವಿವರಿಸಿದ. ಆಮೇಲೆ ನನ್ನ ಕೋಲನ್ನೂ ಕೇಳಿ ಇಸಿದುಕೊಂಡು ಒಂದಿಷ್ಟು ಉದ್ದ ಮಾಡಿಕೊಟ್ಟ. ಮಂಡಿಯ ಮೇಲಿನ ಭಾರ ತಕ್ಷಣ ಇಳಿದಂತಾಯಿತು.

ದಾರಿಯಲ್ಲಿ ನೆರಳಿದ್ದ ಕಡೆಯೆಲ್ಲ ಹಿಮ ನೂರಾರು ಕಾಲುಗಳ ತುಳಿತಕ್ಕೆ ಗಾಜಿನಂತಾಗಿತ್ತು. ಬಿಸಿಲು ಬಿದ್ದಲ್ಲಿ ಕೆಸರು. ಇನ್ನೂ ಕೆಳಗೆ ಪೈನ್ ಮರಗಳ ಒಣ ಎಲೆ, ಅದೂ ಜಾರುತ್ತದೆ. ಹೇಸರಗತ್ತೆಗಳ ಗಂಟೆ ಕೇಳಿದರೆ ಸಾಕು, ಅವನು ನಮ್ಮನ್ನು ಬೆಟ್ಟದ ಬದಿಗೆ ಸರಿಸುತ್ತಿದ್ದ. ಕಣಿವೆಯ ಬದಿಗೆ ನಿಂತರೆ ಹೇಸರಗತ್ತೆಯ ಬೆನ್ನಿನ ಹೊರೆ ತಾಗಿದರೂ ಸಾಕು, ಮನುಷ್ಯ ಕೆಳಗೆ. ಟ್ರೆಕ್ ಹೋಗುವ ಪ್ರತಿಯೊಬ್ಬರೂ ಇದೊಂದನ್ನು ತಿಳಿದುಕೊಂಡಿರಬೇಕು.

ಅವನ ಊರು ಅಲ್ಲೇ ಸಾಂಕ್ರಿಯ ಪಕ್ಕ. ಬೇಸಿಗೆಯಲ್ಲಿ ಸೇಬಿನ ತೋಟ, ರಾಜ್ಮಾ ಬೆಳೆ. ಚಳಿಗಾಲದಲ್ಲಿ ಹೊಲ ಹಿಮದಡಿ ಇರುವಾಗ ಈ ಕೆಲಸ. ಮಾತಾಡುತ್ತಲೇ ಚಾಕೊಲೇಟ್ ಕಾಗದ, ಟಿಶ್ಯೂ ಎಲ್ಲ ಹೆಕ್ಕಿ ಸೊಂಟದ ಚೀಲಕ್ಕೆ ಹಾಕುತ್ತಿದ್ದ. ಇದು 1955ರಲ್ಲೇ ಅಭಯಾರಣ್ಯವಾದ ಗೋವಿಂದ ಪಶು ವಿಹಾರದ ಕಾಡು. ಅಲ್ಲಿ ಕಸ ಬಿಸಾಡಿ ಹೋಗುವವರು ನಮ್ಮಂಥ ಓದಿದವರೇ ಅನ್ನೋದು ನನಗೆ ನಿಜವಾಗಿಯೂ ಸಿಟ್ಟು ಬರಿಸಿತು. ನಾನೂ ಬಗ್ಗಿ ಹೆಕ್ಕತೊಡಗಿದೆ. ಮಂಡಿ ಬಗ್ಗದ ಕಡೆ ಆಂಟಿ ಕೋಲಿನ ತುದಿಯಲ್ಲಿ ತೋರಿಸಿದರು, ಅವನು ಎತ್ತಿಕೊಂಡ.

ಸಾಂಕ್ರಿ ತಲುಪುವಾಗ ಮಧ್ಯಾಹ್ನ ದಾಟಿತ್ತು. ಸರ್ಟಿಫಿಕೇಟ್ ಹಂಚಿದರು, ಚಪ್ಪಾಳೆ ಹೊಡೆದೆವು. ಎಲ್ಲರೂ ಸೇರಿ ಟಿಪ್ಸ್ ಕೂಡಿಸುವಾಗ ಗೈಡುಗಳಿಗೆ ಮಾತ್ರ ಸಾಕು ಎಂದರು ಕೆಲವರು. ಆಂಟಿ ಒಪ್ಪಲಿಲ್ಲ. "ಮದುವೆಮನೇಲಿ ಅಡುಗೆ ಭಟ್ರನ್ನ ಬರಿಗೈಲಿ ಕಳಿಸ್ತೀವಾ?" ಎಂದು ಕೇಳಿ, ಅಡುಗೆ ಹುಡುಗರಿಗೂ ಹೇಸರಗತ್ತೆಯವರಿಗೂ ಸಮಪಾಲು ಮಾಡಿಸಿದರು. ಕೊರೆಯುವ ಚಳಿಯಲ್ಲಿ ನಮಗಿಂತ ಮೊದಲು ಎದ್ದು ನೀರು ಕಾಯಿಸಿದವರು ಅವರೇ ತಾನೆ. ಆಮೇಲೆ ಇನ್ನೊಂದು ಗ್ರೂಪ್ ಫೋಟೋ ಆಯಿತು. ಸ್ವೀಪ್ ಗೈಡನ್ನು ಮಧ್ಯಕ್ಕೆ ಎಳೆದು ನಿಲ್ಲಿಸಿದೆವು.

ಸಂಜೆ ಡೆಹ್ರಾಡೂನಿನಿಂದ ಹೊಸ ಬ್ಯಾಚಿನ ಗಾಡಿಗಳು ಬಂದವು. ಅವನು ಸ್ವೆಟರ್ ಕೂಡ ಬದಲಿಸಿರಲಿಲ್ಲ. ಇಳಿದವರ ಶೂಗಳನ್ನು ಒಂದೊಂದಾಗಿ ನೋಡುತ್ತಾ ಹೋದ. ಒಬ್ಬ ಹುಡುಗನ ಮುಂದೆ ನಿಂತು, ರಾತ್ರಿ ಮಲಗುವ ಮೊದಲು ಕಾಲಿನ ಉಗುರು ಕತ್ತರಿಸಿಕೋ ಎಂದು ಹೇಳಿ, ಬಾಡಿಗೆ ಕೋಲುಗಳಿದ್ದ ಕೋಣೆಯ ಬೀಗ ತೆಗೆಯಲು ಹೊರಟ.