ನೆಲ್ಲು ಮಾರಿದ ದುಡ್ಡಲ್ಲಿ ಒಂದು ಸೆಮಿಸ್ಟರ್

ಒಂದನೇ ತಾರೀಖಿಗೆ ಸಂಬಳ ಬರುವ ಮನೆಯವರಿಗಾಗಿ ಬರೆದ ಬಜೆಟ್ ಸಲಹೆ ರಾಯಚೂರು, ಕೊಪ್ಪಳದಲ್ಲಿ ರೂಮ್ ಮಾಡಿಕೊಂಡು ಓದುವ ವಿದ್ಯಾರ್ಥಿಗಳಿಗೆ ಒಗ್ಗುವುದಿಲ್ಲ. ಇಲ್ಲಿ ಬಹಳ ಮನೆಗಳಿಗೆ ದುಡ್ಡು ಬರುವುದು ಪೀಕು ಬಂದಾಗ. ಸಿಂಧನೂರು, ಗಂಗಾವತಿ ಕಡೆ ನೆಲ್ಲು ಮಾರಿದಾಗ, ರಾಯಚೂರು ಕಡೆ ಹತ್ತಿ ತೂಕವಾದಾಗ. ಅಪ್ಪ ಒಂದೇ ಸಲ ಮೂವತ್ತು ಸಾವಿರ ಹಾಕುತ್ತಾರೆ, ಸೆಮಿಸ್ಟರ್ ಮುಗಿಯುವತನಕ ಅಷ್ಟೇ. ಮೊದಲ ಮೂರು ವಾರ ಸಾಹುಕಾರಿಕೆ, ಪರೀಕ್ಷೆ ಹೊತ್ತಿಗೆ ಕೈಗಡ.

ಹಾಗಾಗಿ ತಿಂಗಳ ಲೆಕ್ಕ ಬಿಡಿ, ಸೆಮಿಸ್ಟರ್ ಲೆಕ್ಕ ಹಾಕಿ. ರೂಮ್ ಬಾಡಿಗೆ ಮನೆಯವರೇ ಕಟ್ಟುತ್ತಾರೆ ಎಂದಿಟ್ಟುಕೊಳ್ಳೋಣ. ಖಾನಾವಳಿಗೆ ತಿಂಗಳಿಗೆ 3,000ದಂತೆ ಐದು ತಿಂಗಳಿಗೆ 15,000. ಪರೀಕ್ಷಾ ಶುಲ್ಕ, ರೆಕಾರ್ಡ್ ಬುಕ್, ಜೆರಾಕ್ಸ್ ಸೇರಿ 3,000. ಜ್ವರ ಬಂದರೆ, ದಿಢೀರನೆ ಊರಿಗೆ ಹೋಗಬೇಕಾದರೆ ಎಂದು 2,000. ಉಳಿದದ್ದು 10,000. ರಜೆ ಕಳೆದು 20 ವಾರ ಎಂದರೆ ವಾರಕ್ಕೆ 500. ಸಂಜೆಯ ಒಗ್ಗರಣಿ-ಮಿರ್ಚಿ, ರೀಚಾರ್ಜ್, ಸೋಪು ಎಲ್ಲ ಇದರೊಳಗೇ. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಖರ್ಚಿಲ್ಲ. ಹುಡುಗರು ಪಾಸಿನ ದುಡ್ಡನ್ನು ಮೊದಲೇ ತೆಗೆದಿಡಬೇಕು.

ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣ) ಸ್ಕಾಲರ್‌ಶಿಪ್ಪನ್ನು ಈ ಲೆಕ್ಕಕ್ಕೆ ಸೇರಿಸಲೇಬೇಡಿ. ಬಂದ ದಿನ ಬಂತು.

ಆ 30,000 ಫೋನ್‌ಪೇಗೆ ಜೋಡಿಸಿದ ಖಾತೆಯಲ್ಲೇ ಇದ್ದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಎರಡು ಖಾತೆ ಬೇಕು. ದೊಡ್ಡ ಮೊತ್ತ ಹಳೆಯದರಲ್ಲಿ. ಯುಪಿಐ ಎರಡನೆಯದಕ್ಕೆ ಮಾತ್ರ. ಪ್ರತಿ ಸೋಮವಾರ 500 ತಾನಾಗಿಯೇ ಈಚೆ ಬರುವಂತೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ. ಗುರುವಾರಕ್ಕೇ ಮುಗಿದರೆ ಮುಗಿಯಿತು. ಎರಡನೆಯದು ಮಿನಿಮಮ್ ಬ್ಯಾಲೆನ್ಸ್ ಕೇಳದ ಖಾತೆಯಾಗಿರಲಿ, ಇಲ್ಲವಾದರೆ ದಂಡಕ್ಕೇ ಹೋಗುತ್ತದೆ.

ಬಹಳ ಜನ ಎಡವುವುದು ಈ ಎರಡನೇ ಖಾತೆ ತೆರೆಯುವಾಗಲೇ. ಸ್ಕಾಲರ್‌ಶಿಪ್ ಬರುವುದು ಆಧಾರ್ ಸೀಡಿಂಗ್ ಆದ, ಅಂದರೆ ಸರ್ಕಾರದ ಹಣ ಪಡೆಯಲು ಆಧಾರ್‌ಗೆ ಜೋಡಿಸಿದ ಖಾತೆಗೆ, ಮತ್ತು ಒಂದು ಸಮಯಕ್ಕೆ ಒಂದೇ ಬ್ಯಾಂಕಿಗೆ ಸೀಡಿಂಗ್ ಇರುತ್ತದೆ. ಹೊಸ ಖಾತೆಯ ಫಾರ್ಮಿನಲ್ಲಿ ಸರ್ಕಾರದ ಸಹಾಯಧನ ಇದೇ ಖಾತೆಗೆ ಬರಲಿ ಎಂಬ ಸಾಲಿರುತ್ತದೆ. ಓದದೆ ಟಿಕ್ ಹಾಕಿದರೆ ಸೀಡಿಂಗ್ ಅಲ್ಲಿಗೆ ಹೋಗುತ್ತದೆ, ದುಡ್ಡೂ ಅಲ್ಲಿಗೇ. ಹಳೇ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಾ ಕೂತರೆ ಏನೂ ಕಾಣುವುದಿಲ್ಲ. ಆಧಾರ್ ಕೆವೈಸಿಗೆ (ಗುರುತಿನ ಪುರಾವೆಗೆ) ಮಾತ್ರ ಎಂದು ಕೌಂಟರಿನಲ್ಲಿ ಹೇಳಿ. ಯಾವ ಬ್ಯಾಂಕಿಗೆ ಸೀಡಿಂಗ್ ಇದೆ ಎಂಬುದನ್ನು ಮೈ-ಆಧಾರ್ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ನೋಡಬಹುದು. ಇನ್ನೊಂದು: ಎರಡು ವರ್ಷ ವ್ಯವಹಾರವೇ ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಹೈಸ್ಕೂಲಿನಲ್ಲಿ ತೆರೆದು ಮರೆತ ಖಾತೆಗಳ ಕತೆ ಸಾಮಾನ್ಯವಾಗಿ ಇದೇ.

ಗುರಿ ಎಂದರೆ ವಸ್ತು, ಬೆಲೆ, ತಾರೀಖು. 40 ವಾರದಲ್ಲಿ 12,000ದ ಫೋನ್ ಬೇಕು ಎಂದರೆ ವಾರಕ್ಕೆ 300. 500ರಲ್ಲಿ 300 ತೆಗೆದರೆ ಉಳಿಯುವ 200ರಲ್ಲಿ ವಾರ ದೂಡಲಾಗದು. ಫೋನನ್ನು 80 ವಾರಕ್ಕೆ ಮುಂದೂಡಿದರೆ 150. ಅಥವಾ 6,000ದ ಸೆಕೆಂಡ್ ಹ್ಯಾಂಡ್ ಹುಡುಕಿದರೂ ಅಷ್ಟೇ. ಭಾಗಾಕಾರ ಮಾಡಿ ನೋಡದ ಗುರಿ ಎರಡನೇ ವಾರಕ್ಕೇ ಬೀಳುತ್ತದೆ.

ಉಳಿಕೆಗೆ ಎಲ್ಲರೂ ಹೇಳುವುದು ಆರ್‌ಡಿ, ಅಂದರೆ ತಿಂಗಳ ಕಂತಿನ ಠೇವಣಿ. ಅಂಚೆ ಕಚೇರಿಯದು ಐದು ವರ್ಷದ್ದು, ಮೂರು ವರ್ಷಕ್ಕೆ ಮುಂಚೆ ಮುಚ್ಚುವಂತಿಲ್ಲ, ಕಂತು ತಪ್ಪಿದರೆ ದಂಡ. ಡಿಗ್ರಿಯೇ ಮುಗಿದಿರುತ್ತದೆ. ಪೀಕಿನ ದುಡ್ಡಿಗೆ ಬ್ಯಾಂಕಿನ ಎಫ್‌ಡಿ (ಒಂದೇ ಸಲ ಇಡುವ ನಿಶ್ಚಿತ ಠೇವಣಿ) ವಾಸಿ: ಅಪ್ಪ ಹಾಕಿದ ದಿನವೇ ಪರೀಕ್ಷೆಯ 3,000 ಮತ್ತು ಗುರಿಯ 3,000 ಕಟ್ಟಿಬಿಡಿ. ನಡುವೆ ಮುರಿದರೆ ಬಡ್ಡಿ ತುಸು ಕಡಿಮೆಯಾಗುತ್ತದೆ, ಅಸಲು ಎಲ್ಲೂ ಹೋಗದು. ಗುರಿಯ 3,000 ಎಂದರೆ ವಾರಕ್ಕೆ 150ರಂತೆ 20 ವಾರದ್ದು. ಆಮೇಲೆ ಸೋಮವಾರದ ಹಣ 350ಕ್ಕೆ ಇಳಿಯುತ್ತದೆ, ಅದಕ್ಕೆ ಗೊಣಗಬೇಡಿ.

ದುಡ್ಡು ಮುಗಿದಾಗ ಲೋನ್ ಆ್ಯಪ್ ಕಣ್ಣಿಗೆ ಬೀಳುತ್ತದೆ. 3,000 ಸಾಲ ಎಂದು ಹೇಳಿ 2,100 ಕೈಗೆ ಕೊಟ್ಟು, ಏಳು ದಿನಕ್ಕೆ 3,000 ಕೇಳಿದರೆ ಅದು ವಾರಕ್ಕೆ ಸುಮಾರು ನೂರಕ್ಕೆ 43. ಮೊಬೈಲಿನ ಕಾಂಟ್ಯಾಕ್ಟ್ ಲಿಸ್ಟ್ ಕೇಳುವ ಆ್ಯಪ್ ಆದರಂತೂ ಅಲ್ಲೇ ತೆಗೆದುಹಾಕಿ. ರಿಸರ್ವ್ ಬ್ಯಾಂಕಿನ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ‘ನಿನ್ನ ಅಕೌಂಟ್ ಸ್ವಲ್ಪ ದಿನ ಕೊಡು, ಕಮಿಷನ್ ಕೊಡ್ತೀವಿ’ ಎನ್ನುವವರು ಇನ್ನೂ ಅಪಾಯ. ಮೋಸದ ಹಣ ನಿಮ್ಮ ಖಾತೆಯಲ್ಲಿ ಹಾದುಹೋದರೆ ಖಾತೆ ಫ್ರೀಜ್ ಆಗುತ್ತದೆ, ಪೊಲೀಸರು ಮೊದಲು ಹುಡುಕುವುದು ನಿಮ್ಮನ್ನೇ. ಆನ್‌ಲೈನ್‌ನಲ್ಲಿ ದುಡ್ಡು ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೈಗಡ ಬೇಕೇ ಬೇಕಾದರೆ ರೂಮ್‌ಮೇಟ್ ಹತ್ತಿರವೇ ಕೇಳಿ, ಮೊತ್ತ ಮತ್ತು ತಾರೀಖನ್ನು ಇಬ್ಬರ ವಾಟ್ಸಾಪಿನಲ್ಲೂ ಇರುವಂತೆ ಬರೆದು ಕಳಿಸಿ.